ಮಾತು ಬಿಟ್ಟ ದೇಶ

ಸಂತೇಬೆನ್ನೂರಿನ ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರನ್ನು ನೋಡಿದವರು ಯಾರೂ ಅವನನ್ನು ಪರದೇಶದವನು ಅಂದುಕೊಳ್ಳಲಿಲ್ಲ. ಕಪ್ಪಗೆ, ಎತ್ತರಕ್ಕಿದ್ದ. ಹೆಸರು ಶಿವಲಿಂಗಂ ಮೂಡ್ಲಿ. ಮೂಡ್ಲಿ ಅಂದರೇನೆಂದು ಯಾರಿಗೂ ತಿಳಿಯದೆ ಜನ ಅದನ್ನು ಬಿಟ್ಟುಬಿಟ್ಟು ಲಿಂಗಂ ಡಾಕ್ಟ್ರು ಎಂದು ಕರೆದರು. ಅವನ ಅಜ್ಜ ಆರ್ಕಾಟಿನ ಕಡೆಯಿಂದ ಹಡಗು ಹತ್ತಿ ದಕ್ಷಿಣ ಆಫ್ರಿಕಾಕ್ಕೆ ಕಬ್ಬು ಕಡಿಯಲು ಹೋದ ಕೂಲಿ. ಅಪ್ಪ ಡರ್ಬನ್ ಎಂಬ ಊರಿನಲ್ಲಿ ತರಕಾರಿ ವ್ಯಾಪಾರ ಮಾಡುತ್ತಿದ್ದ. ಅಲ್ಲಿ ಬಿಳಿಯರಲ್ಲದವರಿಗೆ ಡಾಕ್ಟರಿಕೆ ಓದಲು ಸೀಟು ಸಿಗುವುದು ಬಹಳ ಕಷ್ಟವಾಗಿದ್ದರಿಂದ ಅನೇಕ ಹುಡುಗರು ಇಂಡಿಯಾಕ್ಕೆ ಬರುತ್ತಿದ್ದರು. ಹಾಗೆ ಬಂದು ದಾವಣಗೆರೆಯಲ್ಲಿ ಓದು ಮುಗಿಸಿ, ಹಳ್ಳಿ ಆಸ್ಪತ್ರೆಯ ತರಬೇತಿಗೆಂದು ಇಲ್ಲಿಗೆ ಬಂದವನು ಇವನು. ಕನ್ನಡ ಕಲಿತದ್ದು ರೋಗಿಗಳ ಬಾಯಿಂದ. ಎಲ್ಲಿ ನೋವೈತೆ, ನಾಲಿಗೆ ತೋರ್ಸು ಎನ್ನುವುದೆಲ್ಲ ಸಲೀಸಾಗಿ ಬರುತ್ತಿತ್ತು. ಅಂಗಡಿಯಲ್ಲಿ ಸಕ್ಕರೆ ಕೇಳುವಾಗ ಮಾತ್ರ ತೊದಲುತ್ತಿದ್ದ.

ಸಾವಂತ್ರಮ್ಮ ಅದೇ ಆಸ್ಪತ್ರೆಯಲ್ಲಿ ಹೆರಿಗೆ ನರ್ಸು. ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ಅಪ್ಪ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ತಾಯಿ ಅಜ್ಜಮ್ಮ, ಅಣ್ಣ ದುರುಗಪ್ಪ ಇಬ್ಬರೂ ಅವಳನ್ನು ಜಗಳೂರಿನ ಹಾಸ್ಟೆಲಿನಲ್ಲಿಟ್ಟು ಓದಿಸಿದ್ದರು. ದುರುಗಪ್ಪ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಮನೆಯಲ್ಲಿ ಮೊದಲು ಸರ್ಕಾರಿ ಸಂಬಳ ತಂದವಳು ಸಾವಂತ್ರಮ್ಮ. ಅದರ ಹೆಮ್ಮೆ ಅವಳಿಗಿಂತ ಅಣ್ಣನಿಗೇ ಹೆಚ್ಚು.

ತ್ಯಾವಣಿಗೆಯ ಹತ್ತಿರದ ಒಂದು ಹಳ್ಳಿಯಲ್ಲಿ ಮಗು ಅಡ್ಡ ತಿರುಗಿ ಹೆಂಗಸೊಬ್ಬಳು ಸಾಯುವ ಹಾಗಿದ್ದಾಗ ಇಬ್ಬರೂ ಒಟ್ಟಿಗೆ ಗಾಡಿಯಲ್ಲಿ ಹೋಗಿದ್ದರು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ವಾಪಸ್ಸು ಬರುವಾಗ ಲಿಂಗಂ ತನ್ನ ಅಜ್ಜಿಯ ಕತೆ ಹೇಳಿದ. ಆಕೆ ಕಬ್ಬಿನ ತೋಟದಲ್ಲೇ ಹೆತ್ತು, ಮಾರನೆಯ ದಿನವೇ ಕೆಲಸಕ್ಕೆ ಬರಬೇಕಾಗಿತ್ತಂತೆ. ಸಾವಂತ್ರಮ್ಮನಿಗೆ ಆ ಕತೆಯಲ್ಲಿ ಹೊಸದೇನೂ ಕಾಣಲಿಲ್ಲ. ತನ್ನ ಅಜ್ಜಿಯದೂ ಹೆಚ್ಚುಕಡಿಮೆ ಅದೇ ಕತೆ. ಡಾಕ್ಟರ ಬಾಯಲ್ಲಿ ಅದು ಬಂದದ್ದು ಮಾತ್ರ ಅವಳಿಗೆ ಹೊಸದು. ಆಮೇಲೆ ಅವರು ಮಾತಾಡಲು ನೆಪ ಹುಡುಕಬೇಕಾಗಲಿಲ್ಲ.

ಮದುವೆಯ ಮಾತು ಬಂದಾಗ ಅವನು ಮುಚ್ಚಿಡಲಿಲ್ಲ. ಅವನ ದೇಶಕ್ಕೂ ಇವಳ ದೇಶಕ್ಕೂ ಬಹಳ ವರ್ಷಗಳಿಂದ ಸಂಬಂಧ ಕಡಿದುಹೋಗಿತ್ತು. ಅಲ್ಲಿ ಇಂಡಿಯಾದ ರಾಯಭಾರಿ ಇಲ್ಲ, ಇಲ್ಲಿ ಅವರ ರಾಯಭಾರಿ ಇಲ್ಲ, ವ್ಯಾಪಾರವಿಲ್ಲ. ಇಂಡಿಯಾದ ಪಾಸ್‌ಪೋರ್ಟು ಆ ದೇಶಕ್ಕೆ ನಡೆಯುವುದಿಲ್ಲ. ಅಲ್ಲಿನ ಬಿಳಿಯರ ಸರ್ಕಾರವೂ, ತನ್ನಲ್ಲಿರುವ ಇಂಡಿಯಾದವರು ಇಲ್ಲಿ ಮದುವೆಯಾದರೆ ಹೆಂಡತಿಯನ್ನು ಕರೆಸಿಕೊಳ್ಳುವಂತಿಲ್ಲ ಎಂದು ಕಾನೂನು ಮಾಡಿತ್ತು.

ಸಾವಂತ್ರಮ್ಮ, “ಅಂದ್ರೆ ಎರಡು ಮನೇರು ಮಾತು ಬಿಟ್ಟಂಗೆ” ಎಂದಳು.

“ಹೂಂ. ಹಂಗೇ.”

“ನಮ್ಮ ದೊಡ್ಡಪ್ಪರ ಮನೆಗೂ ನಮಗೂ ಬೇಲಿ ಜಗಳದಾಗೆ ಮಾತಿಲ್ಲ. ಹಂಗಂತ ನಾವೇನು ಬದುಕಿಲ್ವಾ. ನೀವು ಇಲ್ಲೇ ಇರ್ರಿ, ಆಯ್ತಲ್ಲ.”

ಅವನೂ ಹಾಗೇ ಅಂದುಕೊಂಡಿದ್ದ. ಎಪ್ಪತ್ತನಾಲ್ಕರಲ್ಲಿ ಶಿವಮೊಗ್ಗದಲ್ಲಿ ರಿಜಿಸ್ಟರ್ ಮದುವೆಯಾಯಿತು. ಸೊಕ್ಕೆಯಲ್ಲಿ ಅಜ್ಜಮ್ಮ ತನ್ನ ಸಮಾಧಾನಕ್ಕೆ ಇನ್ನೊಂದು ಸಲ ತಾಳಿ ಕಟ್ಟಿಸಿದಳು. ತರಬೇತಿ ಮುಗಿದ ಮೇಲೆ ಪರದೇಶದವನಿಗೆ ಸರ್ಕಾರಿ ನೌಕರಿ ಸಿಗುವ ಹಾಗಿರಲಿಲ್ಲ. ಚನ್ನಗಿರಿಯಲ್ಲಿ ಒಬ್ಬ ವಯಸ್ಸಾದ ಡಾಕ್ಟರ ದವಾಖಾನೆಯಲ್ಲಿ ಅವರ ಜೊತೆ ಕೂತ. ಎರಡು ವರ್ಷ ಚೆನ್ನಾಗಿಯೇ ಕಳೆಯಿತು.

ಎಪ್ಪತ್ತಾರರಲ್ಲಿ ಅವನ ಅಪ್ಪನಿಗೆ ಲಕ್ವ ಹೊಡೆದ ಸುದ್ದಿ ಬಂತು. ಆಗ ಸಾವಂತ್ರಮ್ಮ ಬಸುರಿ. ಹೋಗಿ ನೋಡಿಕೊಂಡು ಹೆರಿಗೆಯ ಹೊತ್ತಿಗೆ ಬಂದುಬಿಡುತ್ತೇನೆಂದು ಅವನು ಮಾರಿಷಸ್ ದಾರಿಯಾಗಿ ಹೋದ. ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಅವಳು ಅಳಲೂ ಇಲ್ಲ. ಅಪ್ಪನನ್ನು ನೋಡಲು ಹೋಗುವ ಮಗನನ್ನು ಅತ್ತು ಕಳಿಸುವುದು ಸರಿಯಲ್ಲ ಎಂದುಕೊಂಡಿದ್ದಳು.

ವಿಮಾನ ಇಳಿದ ಕೂಡಲೇ ಪೊಲೀಸರು ಅವನ ಪಾಸ್‌ಪೋರ್ಟು ಕಿತ್ತುಕೊಂಡರು. ಓದುವಾಗ ದಾವಣಗೆರೆಯ ಒಂದು ಸಭೆಯಲ್ಲಿ ಅವನು ತನ್ನ ದೇಶದ ಸರ್ಕಾರದ ವಿರುದ್ಧ ಮಾತಾಡಿದ್ದ. ಬಣ್ಣ ನೋಡಿ ಮನುಷ್ಯರನ್ನು ಬೇರೆ ಬೇರೆ ಕೇರಿಗಳಿಗೆ ಅಟ್ಟುವ ಸರ್ಕಾರ ಅದು ಎಂದಿದ್ದ. ಪೇಪರಿನಲ್ಲಿ ಬಂದಿದ್ದ ಆ ಸುದ್ದಿ ಅವರ ಹತ್ತಿರ ಇತ್ತು. ಪೊಲೀಸರು ಕಾಗದಗಳನ್ನು ಒಡೆದು ಓದುತ್ತಿದ್ದುದರಿಂದ ಲಂಡನ್ನಿನ ಗೆಳೆಯನೊಬ್ಬನ ಮೂಲಕ ಅವನು ಇದನ್ನೆಲ್ಲ ತಿಳಿಸಿದ. ಹೇಗಾದರೂ ಪಾಸ್‌ಪೋರ್ಟು ಬಿಡಿಸಿಕೊಂಡು ಬರುತ್ತೇನೆ, ಧೈರ್ಯವಾಗಿರು ಎಂದಿದ್ದ. ಆ ಸುದ್ದಿ ಮುಟ್ಟುವಷ್ಟರಲ್ಲಿ ಮಗಳು ಹುಟ್ಟಿಯಾಗಿತ್ತು. ಅವನು ಮೊದಲೇ ಆರಿಸಿಟ್ಟಿದ್ದಂತೆ ವಸಂತಿ ಎಂದು ಹೆಸರಿಟ್ಟರು.

ಊರಿನವರು ಈ ಮಾತನ್ನು ನಂಬಲಿಲ್ಲ. ಡಾಕ್ಟರು ಓಡಿಹೋದ ಎಂದರು. ಆ ಕಡೆ ಮೊದಲೇ ಹೆಂಡತಿ ಮಕ್ಕಳಿದ್ದರಂತೆ ಎಂದು ಯಾರೋ ಕಟ್ಟಿದರು. ಅದು ಜಗಳೂರಿನವರೆಗೂ ಹೋಯಿತು. ಎಲ್ಲರಿಗಿಂತ ಗಟ್ಟಿಯಾಗಿ ಅದನ್ನು ನಂಬಿದವನು ದುರುಗಪ್ಪ. ತಂಗಿಯ ಮದುವೆಗೆ ಜಾತಿಯವರನ್ನೆಲ್ಲ ಎದುರು ಹಾಕಿಕೊಂಡು ಒಪ್ಪಿಗೆ ಕೊಟ್ಟವನು ಅವನೇ ಆಗಿದ್ದರಿಂದ ಸಿಟ್ಟು ಇಮ್ಮಡಿಯಾಗಿತ್ತು. ಬಸ್ಸಿನಲ್ಲಿ ಯಾರಾದರೂ ಭಾವನ ಸುದ್ದಿ ಕೇಳಿದರೆ ಟಿಕೆಟ್ ಹರಿಯುತ್ತಲೇ ಬೈಯುತ್ತಿದ್ದ.

ಎರಡು ವರ್ಷ ಕಳೆದ ಮೇಲೆ ದುರುಗಪ್ಪ ಜಗಳೂರಿನ ಗಿಡ್ಡಪ್ಪ ಎಂಬ ವಿಧುರನ ಸಂಬಂಧ ತಂದ. ಅವರಲ್ಲಿ ಎರಡನೆಯ ಸಲ ಸೀರೆ ಉಡಿಸಿ ಕರೆದುಕೊಂಡು ಹೋಗುವ ಉಡಿಕೆ ಪದ್ಧತಿ ಇತ್ತು, ಅದರಲ್ಲಿ ಅವಮಾನವೇನೂ ಇರಲಿಲ್ಲ. ಗಿಡ್ಡಪ್ಪ ಒಳ್ಳೆಯ ಮನುಷ್ಯನೇ. ಮಗುವನ್ನೂ ತನ್ನದೆಂದು ಸಾಕುತ್ತೇನೆಂದಿದ್ದ. ಅಜ್ಜಮ್ಮ ಬಾಯಿಬಿಟ್ಟು ಒತ್ತಾಯ ಮಾಡಲಿಲ್ಲ, ಆದರೆ ಮಗಳನ್ನು ನೋಡಿದಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆಗ ಸಾವಂತ್ರಮ್ಮನಿಗೆ ನ್ಯಾಮತಿಗೆ ವರ್ಗವಾಗಿತ್ತು. ಅವಳು ರಜೆ ಹಾಕಿ ಚನ್ನಗಿರಿಗೆ ಹೋಗಿ ವಕೀಲ ಮಹೇಶ್ವರಪ್ಪನವರನ್ನು ಕಂಡಳು. ಗಂಡನನ್ನು ಬಲ್ಲವರು, ಅವನ ಕೈಯಲ್ಲಿ ಔಷಧಿ ತೆಗೆದುಕೊಂಡವರು. ಅವರು ದಿಲ್ಲಿಗೆ ಬರೆದು ಕೇಳಿದರು. ಉತ್ತರ ಬರಲು ಬಹಳ ಕಾಲ ಹಿಡಿಯಿತು. ಆ ದೇಶದಲ್ಲಿ ನಮ್ಮ ಸರ್ಕಾರದ ಕಚೇರಿ ಇಲ್ಲ, ಅಲ್ಲಿ ನಮ್ಮವರಿಗೆ ಏನಾದರೂ ಆದರೆ ಕೇಳುವವರಿಲ್ಲ, ಆದ್ದರಿಂದ ಅಲ್ಲಿಗೆ ಹೋಗಲು ಯಾರಿಗೂ ಪರವಾನಗಿ ಕೊಡುವುದಿಲ್ಲ ಎಂದಿತ್ತು. ಮಹೇಶ್ವರಪ್ಪನವರು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿ ಕನ್ನಡಕ ತೆಗೆದಿಟ್ಟರು.

“ನೋಡಮ್ಮ, ಅವರನ್ನ ಬೈಯಾಕೂ ಬರಂಗಿಲ್ಲ. ಅಲ್ಲಿ ನಡೆಯೋ ಅನ್ಯಾಯಕ್ಕೇ ಇವರು ಮಾತು ಬಿಟ್ಟಿರೋದು. ಒಂದ್ ಸಲ ಬೆಂಗಳೂರಿಗೆ ಹೋಗಿ ಮುಖಾಮುಖಿ ಕೇಳು. ಆದರೆ ನಾನು ಆಸೆ ಹುಟ್ಟಿಸಲ್ಲ.”

ಬೆಂಗಳೂರಿಗೆ ಅಣ್ಣನೇ ಜೊತೆಗೆ ಬಂದ. ಇದೊಂದು ಮುಗಿದರೆ ಉಡಿಕೆಗೆ ಒಪ್ಪಬೇಕು ಎಂಬುದು ಅವನ ಷರತ್ತು. ಅವಳು ಒಪ್ಪಿಯೂ ಇರಲಿಲ್ಲ, ಇಲ್ಲವೆಂದೂ ಅಂದಿರಲಿಲ್ಲ. ಪಾಸ್‌ಪೋರ್ಟ್ ಕಚೇರಿಯಲ್ಲಿ ಬೆಳಿಗ್ಗೆ ನಿಂತವರು ಊಟದ ಹೊತ್ತು ಕಳೆದ ಮೇಲೆ ಅಧಿಕಾರಿಯೊಬ್ಬರ ಮುಂದೆ ಕೂತರು. ತಲೆ ನರೆತ, ಸಮಾಧಾನದ ಮನುಷ್ಯ. ಮದುವೆಯ ಕಾಗದ, ಮಗುವಿನ ಫೋಟೋ ಎಲ್ಲ ನೋಡಿದರು.

“ಪಾಸ್‌ಪೋರ್ಟ್ ಕೊಡೋದಕ್ಕೆ ನಮ್ಮದೇನೂ ಅಡ್ಡಿಯಿಲ್ಲಮ್ಮ” ಎಂದರು. “ಯಾವ ದೇಶಕ್ಕೆ ಬೇಕಾದರೂ ಹೋಗಬಹುದು. ಆ ಒಂದು ದೇಶ ಬಿಟ್ಟು.”

“ನಂಗೆ ಬೇರೆ ದೇಶದಾಗೆ ಯಾರೂ ಇಲ್ರೀ” ಎಂದಳು ಸಾವಂತ್ರಮ್ಮ.

ಅಧಿಕಾರಿ ಮೇಜಿನ ಮೇಲಿದ್ದ ಪೆನ್ನನ್ನು ಆಚೆ ಈಚೆ ಸರಿಸಿದರು. ಅಲ್ಲಿನ ಸರ್ಕಾರ ಕರಿಯರನ್ನೂ ನಮ್ಮವರನ್ನೂ ಹೇಗೆ ನಡೆಸಿಕೊಳ್ಳುತ್ತದೆಂದು ವಿವರಿಸಿದರು. ಅಂಥವರ ಜೊತೆ ಸಂಬಂಧ ಬೇಡವೆಂದು ಜಗತ್ತಿಗೆಲ್ಲ ಮೊದಲು ನಾವೇ ತೀರ್ಮಾನ ಮಾಡಿದ್ದು, ಒಬ್ಬೊಬ್ಬರಿಗಾಗಿ ಅದನ್ನು ಸಡಿಲ ಮಾಡಲು ಬರುವುದಿಲ್ಲ ಎಂದರು. ಇನ್ನು ಇವಳು ಹೇಗೋ ಅಲ್ಲಿ ಹೋಗಿ ಇಳಿದರೂ ಅವರು ಒಳಗೆ ಬಿಡುವುದಿಲ್ಲ; ಅವನ ಮೇಲೆ ಮೊದಲೇ ಕಣ್ಣಿಟ್ಟಿದ್ದಾರೆ. ಎಷ್ಟೋ ಕುಟುಂಬಗಳು ಹೀಗೆಯೇ ಇವೆ ಎಂದರು. ಕೊನೆಗೆ, ಸ್ವಲ್ಪ ಕೇಳಿಕೊಳ್ಳುವವರ ಹಾಗೆ, “ನಾವು ಮಾಡಿರೋದು ಸರಿಯಾಗೇ ಇದೆ ಅಲ್ಲವೇನಮ್ಮ?” ಎಂದರು.

“ಸರಿ ಐತೆ ಸಾರ್. ನಮ್ಮ ಯಜಮಾನ್ರೂ ಅದನ್ನೇ ಹೇಳ್ತಿದ್ರು. ಅದ್ನ ಹೇಳಿದ್ದಕ್ಕೇ ಅವ್ರ ಪಾಸ್‌ಪೋರ್ಟ್ ಹೋಗಿದ್ದು.”

ಅಧಿಕಾರಿ ಕಾಗದಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟರು. ಎದ್ದು ನಿಂತು ಬಾಗಿಲವರೆಗೂ ಬಂದರು.

ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವಾಗ ದುರುಗಪ್ಪ ಎರಡು ಸಲ ಎದ್ದುಹೋಗಿ ಬಸ್ಸಿನ ಬೋರ್ಡು ನೋಡಿ ಬಂದ. ಅವನಿಗೆ ಭಾವನ ಮೇಲೆ ಸಿಟ್ಟಿದ್ದಾಗ ಎಲ್ಲ ಸುಲಭವಾಗಿತ್ತು. ತಪ್ಪು ಒಬ್ಬನದಾದರೆ ಅವನನ್ನು ಬೈದು ಮುಗಿಸಬಹುದು. ಈಗ ಬೈಯುವುದಕ್ಕೆ ಯಾರೂ ಉಳಿದಿರಲಿಲ್ಲ.

“ಊರೆಲ್ಲ ಅವನ ಮಾನ ಕಳ್ದೀನಿ ನಾನು” ಎಂದ ಕೊನೆಗೆ. “ಗಿಡ್ಡಪ್ಪಗೆ ನಾನೇ ಹೇಳಿಕೊಳ್ತೀನಿ ಬಿಡು. ನೀನು ಅದರ ಚಿಂತೆ ಮಾಡಬ್ಯಾಡ.”

ಅವತ್ತಿನಿಂದ ಅವನು ಮದುವೆಯ ಮಾತು ತೆಗೆಯಲಿಲ್ಲ. ಬಸ್ಸಿನಲ್ಲಿ ಯಾರಾದರೂ ಕೇಳಿದರೆ, ನಮ್ಮ ಭಾವ ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ ಎಂದು ಮೊದಲಿಂದ ಕೊನೆಯವರೆಗೂ ವಿವರಿಸುತ್ತಿದ್ದ. ಕೇಳಿದವರು ತಲೆಯಾಡಿಸಿ ಇಳಿದುಹೋಗುತ್ತಿದ್ದರು. ಸಾವಂತ್ರಮ್ಮನ ಪಾಸ್‌ಪೋರ್ಟು ಬಂತು. ಅದರಲ್ಲಿ ಆ ಒಂದು ದೇಶಕ್ಕೆ ಸಲ್ಲುವುದಿಲ್ಲವೆಂದು ಒತ್ತಿದ್ದ ಸಾಲನ್ನು ಒಮ್ಮೆ ಓದಿ ಅವಳು ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟಳು.

ಲಿಂಗಂ ಅಲ್ಲಿ ಕೂಲಿಗಳ ಕೇರಿಯಲ್ಲಿ ದವಾಖಾನೆ ತೆಗೆದಿದ್ದ. ಅಪ್ಪ ತೀರಿಕೊಂಡ. ಪೊಲೀಸರು ಅವನನ್ನು ಒಂದು ಸಲ ಹಿಡಿದುಕೊಂಡು ಹೋಗಿ ಕೆಲವು ತಿಂಗಳು ಇಟ್ಟುಕೊಂಡು ಬಿಟ್ಟರು. ಈ ಸುದ್ದಿಗಳು ಲಂಡನ್ ಸುತ್ತಿಕೊಂಡು ನ್ಯಾಮತಿಗೆ ಬರುವ ಹೊತ್ತಿಗೆ ಹಳೆಯವಾಗಿರುತ್ತಿದ್ದವು. ಅವನು ಜೈಲಿನಲ್ಲಿದ್ದಾನೆಂದು ಇವಳು ಅತ್ತ ದಿನ ಅವನು ಬಿಡುಗಡೆಯಾಗಿ ಮನೆಯಲ್ಲಿದ್ದ. ಪಾಸ್‌ಪೋರ್ಟು ಅವನು ಕೇಳಿದಾಗಲೆಲ್ಲ ಅಲ್ಲಿನವರು ಇಲ್ಲವೆಂದರು.

ಎಂಬತ್ತೆರಡರ ಚಳಿಗಾಲದಲ್ಲಿ ಅವನ ತಾಯಿ ಮುನಿಯಮ್ಮ ನ್ಯಾಮತಿಗೆ ಬಂದಿಳಿದಳು. ಯಾತ್ರೆಗೆಂದು ಬರುವ ಅಲ್ಲಿನ ಮುದುಕರನ್ನು ಎರಡೂ ಸರ್ಕಾರಗಳು ಹೆಚ್ಚು ತಡೆಯುತ್ತಿರಲಿಲ್ಲ. ಒಂದು ಗುಂಪಿನ ಜೊತೆ ತಿರುಪತಿ, ಪಳನಿ ಮುಗಿಸಿಕೊಂಡು, ಅಲ್ಲಿಂದ ಒಬ್ಬಳೇ ವಿಳಾಸ ಹಿಡಿದು ಬಂದಿದ್ದಳು. ಬಿಳಿ ಸೀರೆ, ಕಾಲಿಗೆ ಕ್ಯಾನ್‌ವಾಸ್ ಶೂ. ತಮಿಳು ಮತ್ತು ಇಂಗ್ಲಿಷು ಬೆರೆಸಿ ಮಾತಾಡುತ್ತಿದ್ದಳು. ಸಾವಂತ್ರಮ್ಮನಿಗೆ ಆಸ್ಪತ್ರೆಯ ಇಂಗ್ಲಿಷು ಬರುತ್ತಿತ್ತು. ಹೇಗೋ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿತ್ತು.

ಮುದುಕಿ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಿ ನೀರೆರೆದಳು. ಅವಳ ಕಿವಿ ತನ್ನ ಮಗನ ಕಿವಿಯೇ ಎಂದು ತಿರುಗಿಸಿ ತಿರುಗಿಸಿ ನೋಡಿದಳು. ಸಾವಂತ್ರಮ್ಮನ ಜೊತೆ ಆಸ್ಪತ್ರೆಗೆ ಹೋಗಿ ಹೆರಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರುವವರು ಹೋಗುವವರನ್ನು ನೋಡಿದಳು. ಇಷ್ಟು ದೂರ ಯಾಕೆ ಬಂದೆನೆಂದು ಮಾತ್ರ ಹೇಳಲಿಲ್ಲ. ಹೊರಡುವ ಹಿಂದಿನ ದಿನ ಸಂಜೆ, ಸಾವಂತ್ರಮ್ಮ ಒಲೆ ಮುಂದೆ ಅಕ್ಕಿ ತೊಳೆಯುತ್ತಿದ್ದಾಗ, ಹತ್ತಿರ ಬಂದು ಕೂತಳು.

ಅಲ್ಲಿನ ಸರ್ಕಾರದವರು ಕೊನೆಗೆ ಮಗನಿಗೆ ಒಂದು ದಾರಿ ತೋರಿಸಿದ್ದರು. ದೇಶ ಬಿಟ್ಟು ಹೋಗುವ ಪರವಾನಗಿ ಕೊಡುತ್ತಾರೆ. ಅದನ್ನು ತೆಗೆದುಕೊಂಡರೆ ಅವನು ಅಲ್ಲಿನ ಪ್ರಜೆಯಲ್ಲ. ಯಾವತ್ತೂ ತಿರುಗಿ ಕಾಲಿಡುವಂತಿಲ್ಲ. ಯಾರು ಸತ್ತರೂ ಬರುವಂತಿಲ್ಲ. ಮುನಿಯಮ್ಮನಿಗೆ ಹೆಣ್ಣುಮಕ್ಕಳಿದ್ದರು, ಅಳಿಯಂದಿರಿದ್ದರು, ಎಲ್ಲ ಅದೇ ಬೀದಿಯಲ್ಲಿದ್ದರು. ಗಂಡುಮಗ ಇವನೊಬ್ಬನೇ.

ಮುದುಕಿ ನಿಧಾನವಾಗಿ, ಇವಳಿಗೆ ಅರ್ಥವಾಗಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು. “ನಾನು ಇರು ಅಂದರೆ ಇರುತ್ತಾನೆ. ನೀನು ಬಾ ಅಂದರೆ ಬರುತ್ತಾನೆ. ನಾನು ಏನೂ ಅಂದಿಲ್ಲ. ಮೊದಲು ನಿನ್ನನ್ನು ನೋಡಿಕೊಂಡು ಬರೋಣ ಅಂತ ಬಂದೆ.”

ಸಾವಂತ್ರಮ್ಮನ ಕೈ ಅಕ್ಕಿಯೊಳಗೇ ನಿಂತಿತು. ಎದುರಿಗೆ ಕೂತವಳು ಏನನ್ನು ಕೇಳಲು ಬಂದಿದ್ದಾಳೆಂದು ಅವಳಿಗೆ ಪೂರ್ತಿ ಗೊತ್ತಾಯಿತು. ನೀವಿರುವ ತನಕ ನಿಮ್ಮ ಹತ್ತಿರವೇ ಇರಲಿ ಬಿಡಿ ಎಂಬ ಮಾತು. ಆ ಮಾತು ಅವಳ ಗಂಟಲವರೆಗೂ ಬಂದಿತ್ತು. ಹೊರಗೆ ವಸಂತಿ ಪಕ್ಕದ ಮನೆಯ ಹುಡುಗಿಯ ಜೊತೆ ಏನನ್ನೋ ಎಳೆದಾಡುತ್ತಾ ಜಗಳವಾಡುತ್ತಿದ್ದಳು. ಶಾಲೆಯಲ್ಲಿ ಅಪ್ಪನ ಹೆಸರು ಹೇಳಿದರೆ ಮಕ್ಕಳು ನಗುತ್ತಾರೆಂದು ಹಿಂದಿನ ವಾರವಷ್ಟೇ ಅತ್ತಿದ್ದಳು.

“ಮಗುವಿಗೆ ಅಪ್ಪ ಬೇಕು” ಎಂದಳು ಸಾವಂತ್ರಮ್ಮ.

ಮುನಿಯಮ್ಮ ತಲೆಯಾಡಿಸಿದಳು. ಅಕ್ಕಿಯ ಪಾತ್ರೆಯನ್ನು ತಾನೇ ಎತ್ತಿ ಒಲೆಯ ಮೇಲಿಟ್ಟಳು. ಮಾರನೆಯ ದಿನ ಬಸ್ಸು ಹತ್ತುವಾಗ ಸೊಸೆಯ ತಲೆಯ ಮೇಲೆ ಕೈಯಿಟ್ಟು, “ಕಳಿಸುತ್ತೇನೆ” ಎಂದಳು. ಅಷ್ಟೇ.

ಎಂಬತ್ತಮೂರರಲ್ಲಿ ಲಿಂಗಂ ಬಂದ. ದುರುಗಪ್ಪ ಬೊಂಬಾಯಿಗೇ ಹೋಗಿ ಕರೆದುಕೊಂಡು ಬಂದ. ಬಸ್ಸಿನಿಂದ ಇಳಿದವನನ್ನು ಸಾವಂತ್ರಮ್ಮ ಮೊದಲು ಗುರುತಿಸಲಿಲ್ಲ. ಕೂದಲು ಅರ್ಧ ಬೆಳ್ಳಗಾಗಿತ್ತು, ಹೆಗಲು ಬಗ್ಗಿತ್ತು. ಕನ್ನಡವೂ ಸವೆದುಹೋಗಿತ್ತು; ಒಂದೊಂದು ಮಾತಿಗೆ ತಡಕಾಡುತ್ತಿದ್ದ. ಕೇರಿಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ವಸಂತಿ ಹೇಳಿಕೊಟ್ಟಿದ್ದ ಹಾಗೆ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

“ನೀವು ಮತ್ತೆ ಯಾವಾಗ ಹೋಗ್ತೀರಿ?” ಎಂದು ಕೇಳಿದಳು. ಅವಳ ತಿಳಿವಳಿಕೆಯಲ್ಲಿ ಆ ದೇಶದಿಂದ ಬರುವವರು ಕೆಲವು ದಿನ ಇದ್ದು ಹೋಗುವವರು.

“ಇನ್ನು ಹೋಗಲ್ಲ” ಎಂದ ಲಿಂಗಂ. ಹೇಳಿ ಮುಖ ತಿರುಗಿಸಿಕೊಂಡ.

ಜನ ಅಂದುಕೊಂಡಿದ್ದು ಇನ್ನು ಇವರ ಕಷ್ಟ ಮುಗಿಯಿತೆಂದು. ಸಾವಂತ್ರಮ್ಮನೂ ಹಾಗೇ ಅಂದುಕೊಂಡಿದ್ದಳು. ಆದರೆ ಬಂದವನು ಪೂರ್ತಿಯಾಗಿ ಬಂದಿರಲಿಲ್ಲ. ಅವನು ಈಗ ಯಾವ ದೇಶದವನೂ ಅಲ್ಲವಾದ್ದರಿಂದ ಆಗಾಗ ಶಿವಮೊಗ್ಗಕ್ಕೆ ಹೋಗಿ ಪೊಲೀಸ್ ಕಚೇರಿಯಲ್ಲಿ ಇದ್ದೇನೆಂದು ತೋರಿಸಿ, ಇರಲು ಅವಧಿ ಬರೆಸಿಕೊಂಡು ಬರಬೇಕಿತ್ತು. ಅಲ್ಲಿ ಗುಮಾಸ್ತರು ಬದಲಾದಾಗಲೆಲ್ಲ ಮೊದಲಿಂದ ಕತೆ ಹೇಳಬೇಕು. ಹೊರ ಊರಿಗೆ ಹೋಗುವುದಿದ್ದರೆ ತಿಳಿಸಬೇಕು. ನ್ಯಾಮತಿಯಲ್ಲಿ ಒಂದು ಸಣ್ಣ ಕೋಣೆ ಹಿಡಿದು ದವಾಖಾನೆ ಇಟ್ಟ. ರೋಗಿಗಳು ಬರುತ್ತಿದ್ದರು, ಅವನ ಕೈಗುಣ ಚೆನ್ನಾಗಿದೆ ಎನ್ನುತ್ತಿದ್ದರು. ಮನೆಗೆ ಬಂದ ಮೇಲೆ ಅವನು ರೇಡಿಯೋ ಹಚ್ಚಿಕೊಂಡು ಆ ದೇಶದ ಸುದ್ದಿ ಹುಡುಕುತ್ತಾ ಕೂರುತ್ತಿದ್ದ.

ಎಂಬತ್ತೈದರಲ್ಲಿ ಅಲ್ಲಿ ಗಲಾಟೆ ಜೋರಾಯಿತು. ಗುಂಡು ಹೊಡೆದರು, ಸಾವಿರಾರು ಜನರನ್ನು ಹಿಡಿದು ಒಳಗೆ ಹಾಕಿದರು. ಅವನ ಜೊತೆ ದವಾಖಾನೆಯಲ್ಲಿ ಕೆಲಸ ಮಾಡಿದವರೂ ಅದರಲ್ಲಿದ್ದರು. ಗಾಯವಾದವರನ್ನು ಯಾರು ನೋಡುತ್ತಿದ್ದಾರೋ ಎಂದು ಅವನು ಊಟದ ನಡುವೆ ಇದ್ದಕ್ಕಿದ್ದ ಹಾಗೆ ಹೇಳುತ್ತಿದ್ದ. ತಟ್ಟೆಯಲ್ಲಿ ಅನ್ನ ಆರಿಹೋಗುತ್ತಿತ್ತು. ಸಾವಂತ್ರಮ್ಮ ಒಂದು ದಿನ ತಾಳಲಾರದೆ ಕೇಳಿದಳು.

“ಬಂದಿದ್ದು ತಪ್ಪಾಯ್ತು ಅನ್ನಿಸ್ತೈತೇನ್ರೀ?”

“ತಪ್ಪು ಅಲ್ಲ” ಎಂದ ಅವನು. ಮುಂದಿನದಕ್ಕೆ ಕನ್ನಡ ಹುಡುಕಿ ಹುಡುಕಿ ಜೋಡಿಸಿದ. “ಅಲ್ಲಿ ಇದ್ದಾಗ ನೀವಿಬ್ಬರೂ ಇಲ್ಲಿ. ಇಲ್ಲಿ ಬಂದ ಮೇಲೆ ಅವರೆಲ್ಲ ಅಲ್ಲಿ. ಎಲ್ಲಿದ್ದರೂ ನಾನು ಯಾರನ್ನೋ ಬಿಟ್ಟು ಬಂದೋನೇ.”

ಅವಳಿಗೆ ಸಿಟ್ಟು ಬಂತು. ಅವನಿಗಾಗಿ ಕಾದ ವರ್ಷಗಳಿಗೆ ಇದೇನಾ ಎಂದು ಕೇಳಬೇಕೆನಿಸಿತು. ಆದರೆ ಅವನ ಮುಖ ನೋಡಿದಾಗ ಅಲ್ಲಿ ತನ್ನನ್ನು ನೋಯಿಸುವ ಉದ್ದೇಶ ಯಾವುದೂ ಕಾಣಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಿ ಅನ್ನ ಬಿಸಿ ಮಾಡಿ ತಂದಿಟ್ಟಳು.

ಎಂಬತ್ತಾರರ ಶ್ರಾವಣದಲ್ಲಿ ಮುನಿಯಮ್ಮ ತೀರಿಕೊಂಡ ಸುದ್ದಿ ಬಂತು. ಸುದ್ದಿ ತಲುಪುವಾಗ ಅಲ್ಲಿ ದೊಡ್ಡ ಅಳಿಯ ಕೊಳ್ಳಿಯಿಟ್ಟು, ಕರ್ಮವೆಲ್ಲ ಮುಗಿದುಹೋಗಿತ್ತು. ಮೊದಲೇ ತಿಳಿದಿದ್ದರೂ ಹೋಗುವಂತಿರಲಿಲ್ಲ. ಲಿಂಗಂ ಅವತ್ತು ದವಾಖಾನೆಗೆ ಹೋಗಿ ಕಾದಿದ್ದ ರೋಗಿಗಳನ್ನೆಲ್ಲ ನೋಡಿ, ಬಾಗಿಲು ಹಾಕಿಕೊಂಡು ಬಂದು, ಆಮೇಲೆ ಹೆಂಡತಿಗೆ ಹೇಳಿದ. ಅವಳು ಅತ್ತಳು. ಅವನು ಅಳಲಿಲ್ಲ.

ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ. ದೇಹವಿಲ್ಲ, ಬೂದಿಯಿಲ್ಲ. ದುರುಗಪ್ಪ ಜಗಳೂರಿನಿಂದ ಬಂದು, ಹೊನ್ನಾಳಿಗೆ ಹೋಗಿ ಹೊಳೆಯಲ್ಲಿ ನೀರು ಬಿಡೋಣ, ಎಲ್ಲಿ ಬಿಟ್ಟರೂ ಹೋಗಿ ಸೇರುವುದು ಸಮುದ್ರಕ್ಕೇ ತಾನೆ, ಆ ಸಮುದ್ರದ ಆ ದಡದಲ್ಲೇ ಅಲ್ಲವೇ ನಿಮ್ಮೂರು ಎಂದ. ಲಿಂಗಂ ಅವನ ಮುಖವನ್ನು ನೋಡಿ, ಹೂಂ ಅಂದ. ತುಂಗಭದ್ರೆಯಿಂದ ಕೃಷ್ಣೆಗೆ ಸೇರುವ ಆ ನೀರು ಹೋಗುವುದು ಮೂಡಣ ಸಮುದ್ರಕ್ಕೆ, ತನ್ನೂರಿರುವುದು ಪಡುವಣ ಸಮುದ್ರದಾಚೆಗೆ ಎಂದು ಬಿಡಿಸಿ ಹೇಳಲಿಲ್ಲ.

ನಾಲ್ಕೂ ಜನ ಹೊನ್ನಾಳಿಗೆ ಹೋದರು. ಮಳೆ ಬಿದ್ದು ಹೊಳೆ ಕೆಂಪಗೆ, ದಡದ ಕಲ್ಲುಗಳನ್ನು ಮುಚ್ಚಿ ಹರಿಯುತ್ತಿತ್ತು. ದುರುಗಪ್ಪ ಹೇಳಿದಂತೆ ಲಿಂಗಂ ತಲೆ ಬೋಳಿಸಿಕೊಂಡು ನೀರಿಗಿಳಿದ. ಎಡೆಯ ಅನ್ನ ಬಿಟ್ಟ, ಬೊಗಸೆಯಲ್ಲಿ ನೀರೆತ್ತಿ ಬಿಟ್ಟ. ಹೇಳಬೇಕಾದ ಹೆಸರನ್ನು ಮೂರು ಸಲ ಹೇಳುವಾಗ ಕೊನೆಯ ಸಲ ಸ್ವರ ಹೊರಡಲಿಲ್ಲ. ನೀರಿನ ಸೆಳೆತಕ್ಕೆ ಕಾಲು ಜಾರಿದಾಗ ದುರುಗಪ್ಪ ರಟ್ಟೆ ಹಿಡಿದುಕೊಂಡ. ಆಗ ಅವನು ಅತ್ತ, ಎದೆಮಟ್ಟದ ನೀರಿನಲ್ಲಿ, ಭಾವಮೈದುನನ ಹೆಗಲಿಗೆ ಹಣೆಯಿಟ್ಟು. ವಸಂತಿ ದಡದಲ್ಲಿ ಒಣಬಟ್ಟೆ ಹಿಡಿದುಕೊಂಡು ನೋಡುತ್ತಾ ನಿಂತಿದ್ದಳು. ಗಂಡಸರು ಹಾಗೆ ಅಳುವುದನ್ನು ಅ‌ವಳು ಕಂಡಿರಲಿಲ್ಲ.

ದುರುಗಪ್ಪ ಅಲ್ಲಿಂದಲೇ ತನ್ನ ಊರಿನ ಕಡೆ ಹೊರಟ. ಹೊನ್ನಾಳಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ನ್ಯಾಮತಿಯ ಬಸ್ಸಿಗೆ ಕಾಯುತ್ತಾ ಮೂವರೂ ಕೂತರು. ಅಂಗಡಿಯ ಮುಂದೆ ತೂಗುಹಾಕಿದ್ದ ಬಣ್ಣದ ಟೇಪುಗಳನ್ನು ನೋಡಲು ವಸಂತಿ ಎದ್ದುಹೋದಳು. ಸಾವಂತ್ರಮ್ಮ ಇಷ್ಟು ವರ್ಷ ಹೇಳದಿದ್ದದ್ದನ್ನು ಆಗ ಹೇಳಿದಳು. ಒಲೆಯ ಮುಂದೆ ಅತ್ತೆ ಕೂತಿದ್ದು, ಆಕೆ ಕೇಳದೇ ಕೇಳಿದ್ದು.

“ನಿಮ್ಮ ಹತ್ರಾನೇ ಇರ್ಲಿ ಬಿಡ್ರಿ ಅನ್ನೋದು ಬಾಯಿಗೆ ಬಂದಿತ್ತು. ನಾನು ಹೇಳ್ಲಿಲ್ಲ. ಹೇಳಿದ್ರೆ ಅಲ್ಲೇ ಇದ್ದು ನೀವೇ ಕೊಳ್ಳಿ ಇಡ್ತಿದ್ರಿ. ಈಗ ಅತ್ತೆ ಬಂದು ಕೇಳಿದ್ರೂ ನಾನು ಆ ಮಾತು ಹೇಳೋದಿಲ್ಲ ಕಣ್ರೀ. ಅದ್ಕೇ ನಂಗೆ ಹೆಚ್ಚು ಸಂಕಟ.”

ಲಿಂಗಂ ಬೋಳು ತಲೆಯ ಮೇಲೆ ಕೈಯಾಡಿಸಿಕೊಂಡ. ಏನಾದರೂ ಅನ್ನುತ್ತಾನೆಂದು ಅವಳು ಕಾದಳು. ಅವನು ಎದುರಿನ ಗೋಡೆಯ ಮೇಲೆ ಮಳೆಗೆ ನೆನೆದು ಅರ್ಧ ಕಳಚಿದ್ದ ಕಾಗದವೊಂದನ್ನು ನೋಡುತ್ತಾ ಕೂತಿದ್ದ.

ಬಸ್ಸು ಬಂತು. ಸಂತೆ ಮುಗಿಸಿದ ಜನ ಬುಟ್ಟಿ ಚೀಲಗಳ ಸಮೇತ ಬಾಗಿಲಿಗೆ ಮುತ್ತಿಕೊಂಡರು. ಲಿಂಗಂ ಎದ್ದು, ಓಡುತ್ತಲೇ ಬಸ್ಸಿನ ಪಕ್ಕಕ್ಕೆ ಹೋಗಿ, ಹೆಗಲ ಮೇಲಿದ್ದ ಒದ್ದೆ ಟವೆಲನ್ನು ಕಿಟಕಿಯೊಳಗೆ ಎಸೆದು ಸೀಟು ಹಿಡಿದ. ತಿರುಗಿ ಕೈಬೀಸಿ ಅವಳನ್ನೂ ಮಗಳನ್ನೂ ಬೇಗ ಬನ್ನಿ ಎಂದು ಕರೆದ. ಒಳಗೆ ಇಬ್ಬರಿಗಷ್ಟೇ ಜಾಗವಿತ್ತು. ಅವರಿಬ್ಬರನ್ನೂ ಕೂರಿಸಿ ಅವನು ಪಕ್ಕದಲ್ಲಿ ಕಂಬಿ ಹಿಡಿದು ನಿಂತ.